ಮಲಪ್ರಭೆಯ ನೀರಿನ ಕರವೂ ಯಾವಗಲ್ ಸೀಮೆಯ ಒಕ್ಕಲು ಮನೆಗಳೂ

ನೆಲ, ನೀರು, ಕಾಡು ಮೊದಲಾದ ಪ್ರಕೃತಿಸಂಪತ್ತಿನ ಮೇಲೆ ಆಳುವವರು ವಿಧಿಸುವ ಕರವು ಬಡವನ ಮನೆಗೂ ಸಿರಿವಂತನ ಮನೆಗೂ ಒಂದೇ ತೂಕದ್ದಾಗಿರುವುದೇ ಎಂಬ ಪ್ರಶ್ನೆಯು ಹಳೆಯದು. ನವಲಗುಂದ, ನರಗುಂದ, ರೋಣಗಳ ಎರೆಯ ನೆಲದಲ್ಲಿ, ಯಾವಗಲ್ಲಿನ ಸುತ್ತಣ ಸೀಮೆಯಲ್ಲಿ, ಅದು 1980ರಲ್ಲಿ ರಕ್ತಪಾತದವರೆಗೆ ಹೋದುದರಿಂದ ಇಲ್ಲಿ ವಿಚಾರಾರ್ಹವಾಗಿದೆ.

ಮೊದಲು ಪ್ರಾಚೀನರ ಮತವನ್ನು ನೋಡೋಣ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದ ಸೀತಾಧ್ಯಕ್ಷ ಪ್ರಕರಣದಲ್ಲಿ ‘ಉದಕಭಾಗ’ವೆಂಬ ಕರವು ಹೇಳಲ್ಪಟ್ಟಿದೆ. ಕೈಯಿಂದ ನೀರೆರೆದು ಬೆಳೆದವನು ಐದರಲ್ಲೊಂದು, ಹೆಗಲ ಬಲದಿಂದ ತಂದವನು ನಾಲ್ಕರಲ್ಲೊಂದು, ಯಂತ್ರದಿಂದ ಕಾಲುವೆಗೆ ಹರಿಯಿಸಿದವನು ಮೂರರಲ್ಲೊಂದು ಪಾಲು ಕೊಡತಕ್ಕದ್ದು. ಮೈಮುರಿದು ದುಡಿದಷ್ಟೂ ಕರವು ಕಡಿಮೆಯೆಂಬುದು ಇದರ ತಾತ್ಪರ್ಯ. ಮೂರರಲ್ಲೊಂದು ಹಗುರವಾದ ಕರವೆಂದು ನಾನು ಹೇಳಲಾರೆನು. ಪ್ರಾಚೀನವಾದುದೆಲ್ಲ ದಯಾಪರವೆಂಬ ಭ್ರಾಂತಿಯು ಬೇಡ. ಆದರೆ ‘ಭಾಗ’ವೆಂಬ ಶಬ್ದವನ್ನು ಗಮನಿಸಬೇಕು. ಬೆಳೆ ಬಂದರೆ ಪಾಲು. ಬಾರದಿದ್ದರೆ ಶೂನ್ಯದ ಪಂಚಮಾಂಶವೂ ಶೂನ್ಯವೇ. ಹೊಸ ಕೆರೆಕಟ್ಟೆಗಳನ್ನು ಕಟ್ಟಿದಲ್ಲಿ ಐದು ವರ್ಷಗಳ ಕರಪರಿಹಾರವನ್ನೂ ಆ ಗ್ರಂಥವು ವಿಧಿಸುತ್ತದೆ. ನಮ್ಮ ಶಾಸನಗಳ ಬಿತ್ತುವಟ್ಟ, ಕಟ್ಟುಗೊಡಗೆಗಳಲ್ಲಿಯೂ ಕೆರೆಯ ನೀರನ್ನುಂಡ ನೆಲವು ಕೆರೆಯನ್ನು ಸಾಕುವ ಏರ್ಪಾಡು ಕಾಣುತ್ತದೆ.

ಇನ್ನು ಮಲಪ್ರಭೆಯ ವಿಷಯ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಕಟ್ಟಲ್ಪಟ್ಟ ಅಣೆಕಟ್ಟಿನಿಂದ 1970ರ ದಶಕದಲ್ಲಿ ಈ ಸೀಮೆಗೆ ನೀರು ಬಂದಿತು. ಮಳೆಯನ್ನೇ ನಂಬಿ ಜೋಳ, ಗೋದಿ, ಹತ್ತಿಗಳನ್ನು ಬೆಳೆಯುತ್ತಿದ್ದವರು ಸಾಲ ಮಾಡಿ, ಗೊಬ್ಬರ ಕೊಂಡು, ಹೊಸ ತಳಿಯ ಹತ್ತಿಗೆ ಕೈಹಾಕಿದರು. ನೀರಿನ ದರದೊಡನೆ, 1957ರ ಅಧಿನಿಯಮವನ್ನು ಅನುಸರಿಸಿ, ರೈತರು ‘ಬೆಟರ್‌ಮೆಂಟ್ ಲೆವಿ’ ಎಂದು ಕರೆದ ಸುಧಾರಣಾ ಕರವೂ ಹೊರಿಸಲ್ಪಟ್ಟಿತು. ನೀರಾವರಿಯಿಂದ ಭೂಮಿಯ ಬೆಲೆ ಏರಿತು, ಏರಿದುದರಲ್ಲಿ ಒಂದಂಶವು ಸರಕಾರಕ್ಕೆ ಸಲ್ಲಬೇಕು ಎಂಬುದು ಇದರ ಯುಕ್ತಿ. ಈ ಯುಕ್ತಿಯು ತಿರಸ್ಕಾರಾರ್ಹವಲ್ಲ. ಆದರೆ ಹೊಲವನ್ನು ಮಾರದವನಿಗೆ ಏರಿದ ಬೆಲೆಯಿಂದ ಕೈಗೆ ಬರುವುದೇನು?

ಎಕರೆಯ ಲೆಕ್ಕದ ಕರವು ಕಾಗದದ ಮೇಲೆ ಸಮವಾಗಿ ತೋರುತ್ತದೆ: ಎರಡೆಕರೆಯವನಿಗೆ ಎರಡು ಪಾಲು, ನಲವತ್ತೆಕರೆಯವನಿಗೆ ನಲವತ್ತು. ಆದರೆ ಎರಡೆಕರೆಯವನ ಬೆಳೆಯು ಮನೆಯ ಹಗೇವಿಗೇ ಸಾಲದು. ಕರವನ್ನು ಅವನು ಉಣ್ಣುವ ಕಾಳಿನಿಂದಲೇ ತೆರಬೇಕು. ದೊಡ್ಡ ಒಕ್ಕಲಿಗನು ಮಿಕ್ಕುದರಲ್ಲಿ ತೆರುವನು, ಹತ್ತಿಯ ಧಾರಣೆ ಬಿದ್ದರೆ ಅಂಡಿಗೆಗಳನ್ನು ತಡೆದಿಡುವನು. ಚಿಕ್ಕವನು ಸಾಲಗಾರನ ಕಾಟಕ್ಕೆ ಬಿದ್ದ ಬೆಲೆಗೇ ಮಾರುವನು. ಇದಲ್ಲದೆ ಕಾಲುವೆಯ ತುದಿಯ ಹೊಲಕ್ಕೆ ನೀರು ಮುಟ್ಟದಿದ್ದರೂ, ಎರೆಯ ನೆಲದಲ್ಲಿ ನೀರು ನಿಂತು ಸವಳು-ಜವಳಾದರೂ, ಕರದ ಕಾಗದವು ತಪ್ಪಲಿಲ್ಲವೆಂಬುದು ರೈತರ ಮುಖ್ಯ ದೂರಾಗಿದ್ದಿತು. ನೀರನ್ನು ಅಳೆಯದೆ ನೆಲವನ್ನಳೆದು ವಿಧಿಸಿದ ಈ ಕರದಿಂದ ಮಿತವ್ಯಯವೂ ಸಾಧಿಸಲಿಲ್ಲ. ಹೆಚ್ಚು ಹಾಯಿಸಿದವನೂ ಕಡಿಮೆ ಹಾಯಿಸಿದವನೂ ಒಂದೇ ದರಕ್ಕೆ ಗುರಿಯಾದರು.

1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಚಳವಳಿಯು ಹಿಂಸೆಗೆ ತಿರುಗಿತು. ಪೋಲೀಸರ ಗುಂಡಿಗೆ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ಅಳಗವಾಡಿಯ ಬಸಪ್ಪ ಲಕ್ಕುಂಡಿ ಎಂಬ ರೈತರು ಬಲಿಯಾದರು; ಪೋಲೀಸರಲ್ಲಿಯೂ ಪ್ರಾಣಹಾನಿಯಾಯಿತು. ಅದೇ ವರ್ಷ ರಾಜ್ಯದ ರೈತಸಂಘವು ಹುಟ್ಟಿತು. ಗುಂಡೂರಾಯರ ಸರಕಾರವು ಸುಧಾರಣಾ ಕರದಲ್ಲಿಯೂ ನೀರಿನ ದರದಲ್ಲಿಯೂ ರಿಯಾಯಿತಿಗಳನ್ನು ಸಾರಿತು.

ಈ ರಿಯಾಯಿತಿಯ ಫಲವಾರಿಗೆಂಬುದನ್ನು ಚಳವಳಿಯನ್ನು ಹೊಗಳುವವರು ಬಹುಶಃ ಕೇಳುವುದಿಲ್ಲ. ಕರವು ಎಕರೆಯ ಲೆಕ್ಕದ್ದಾದುದರಿಂದ ಅದರ ಪರಿಹಾರವೂ ಎಕರೆಯ ಲೆಕ್ಕದ್ದೇ: ನಲವತ್ತೆಕರೆಯವನಿಗೆ ನಲವತ್ತು ಪಾಲು ಉಳಿಯಿತು, ಎರಡೆಕರೆಯವನಿಗೆ ಎರಡು. ಹೊಲವೇ ಇಲ್ಲದೆ ಹತ್ತಿ ಬಿಡಿಸಿ ಕೂಲಿಯಿಂದ ಬದುಕುವ ಮನೆಗೆ ಇದರಲ್ಲಿ ಏನೂ ದಕ್ಕಲಿಲ್ಲ.