ಹೋಗಿ ಬರುವ ದಾರಿ

ಇಂಗ್ಲೆಂಡಿನ ಲೆಸ್ಟರ್‌ನಿಂದ ಲಫ್‌ಬರೊ ಊರಿಗೆ ಹನ್ನೊಂದು ಮೈಲಿ. 1841ರ ಜುಲೈ 5ರಂದು ಥಾಮಸ್ ಕುಕ್ ಎಂಬ ಬಡಗಿ ಸುಮಾರು 500 ಜನರನ್ನು ರೈಲಿನ ತೆರೆದ ಡಬ್ಬಿಗಳಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋಗಿ ಬಂದ. ಹೋಗಿ ಬರಲು ತಲೆಗೆ ಒಂದು ಶಿಲ್ಲಿಂಗ್. ಅವರು ಹೋದದ್ದು ಊರು ನೋಡಲಿಕ್ಕಲ್ಲ, ಕುಡಿತದ ವಿರುದ್ಧದ ಸಭೆಗೆ. ಹತ್ತು ವರ್ಷದಲ್ಲಿ ಇದೇ ಕುಕ್ ಲಂಡನ್ನಿನ ಮಹಾಪ್ರದರ್ಶನಕ್ಕೆ ಜನರನ್ನು ಸಾವಿರಗಟ್ಟಲೆ ಕರೆದೊಯ್ದ. 1871ರಲ್ಲಿ ಬ್ಯಾಂಕುಗಳಿಗೆ ರಜೆ ಕೊಡುವ ಕಾಯ್ದೆ ಬಂತು. ದುಡಿಯುವವರಿಗೂ ವರ್ಷದಲ್ಲಿ ನಾಲ್ಕಾರು ದಿನ ಬಿಡುವು ಸಿಕ್ಕಿತು. ಇವತ್ತು ಕೋಪನ್‌ಹೇಗನ್ನಿಗೋ ಸ್ಟಾಕ್‌ಹೋಮಿಗೋ ಎರಡು ರಾತ್ರಿಯ ‘ಸಿಟಿ ಬ್ರೇಕ್’ ಮಾರುವ ಜಾಹೀರಾತುಗಳ ಮುತ್ತಜ್ಜ ಆ ಒಂದು ಶಿಲ್ಲಿಂಗಿನ ಟಿಕೀಟು.

ಪ್ರವಾಸದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕುಕ್‌ನಿಂದ ಹೊರಟು ಹೋಟೆಲು, ವಿಮಾನಗಳತ್ತ ನಡೆಯುತ್ತಾರೆ. ನನಗೆ ಆ ಹನ್ನೊಂದು ಮೈಲಿಯಲ್ಲೇ ಕುತೂಹಲ. ಅದು ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ದಾರಿಗಿಂತ ಚೂರು ಕಡಿಮೆ, ಅಷ್ಟೆ. ನಮ್ಮ ಕಡೆ ಇಷ್ಟು ದೂರಕ್ಕೆ ‘ಪ್ರವಾಸ’ ಎನ್ನುವ ಭಾರದ ಮಾತು ಯಾರೂ ಬಳಸುವುದಿಲ್ಲ. ‘ಧಾರವಾಡಕ್ಕ ಹೋಗಿ ಬರ್ತೀನಿ’ ಎಂದರೆ ಮುಗಿಯಿತು. ಆ ಮಾತಿನಲ್ಲಿ ಹೋಗುವುದೂ ಇದೆ, ಸಂಜೆಗೆ ಮನೆ ಸೇರುವ ಭರವಸೆಯೂ ಇದೆ.

ಆ ಭರವಸೆ ಕೊಟ್ಟಿದ್ದು ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಈ ಸೀಮೆಗೆ ಬಂತು, ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆಯೂ ಎದ್ದಿತು. ಹತ್ತಿ ಸಾಗಿಸಲು ಹಾಕಿದ ಹಳಿಯ ಮೇಲೆ ಮನುಷ್ಯರೂ ತಮ್ಮ ತಮ್ಮ ಕೆಲಸ ಹಿಡಿದು ಓಡಾಡತೊಡಗಿದರು. ಕೋರ್ಟು, ಕಚೇರಿ, 1917ರಿಂದ ಕರ್ನಾಟಕ ಕಾಲೇಜು ಧಾರವಾಡದಲ್ಲಿ. ಪೇಟೆ, ಗಿರಣಿ, ಸಿದ್ಧಾರೂಢರ ಮಠ ಹುಬ್ಬಳ್ಳಿಯಲ್ಲಿ. ಒಂದು ಊರಿನಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲ. ಹಾಗಾಗಿ ಜನ ನಡುವೆ ಓಡಾಡಲೇಬೇಕು.

ಈ ಓಡಾಟದಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಗಂಗೂಬಾಯಿ ಹಾನಗಲ್ಲರ ಪಯಣ. ಅವರು ಹುಟ್ಟಿದ್ದು 1913ರಲ್ಲಿ ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯಲೆಂದು ಕುಟುಂಬ 1928ರಲ್ಲಿ ಹುಬ್ಬಳ್ಳಿಗೆ ಬಂತು. ಆ ಮನೆ ಬದಲಾವಣೆಯೂ ಇದೇ ದಾರಿಯಲ್ಲಿ ನಡೆದದ್ದು, ಆದರೆ ಅದು ಹೋಗಿ ಬರುವುದಾಗಿರಲಿಲ್ಲ. ಗುರು ಸವಾಯಿ ಗಂಧರ್ವರು ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೋಗುವ ಹಳಿಯ ಮೇಲಿನ ಕುಂದಗೋಳದವರು. ನಾಟಕ ಕಂಪನಿಯ ತಿರುಗಾಟ ಮುಗಿಸಿ ಅವರು ಊರಲ್ಲಿ ನೆಲೆಸಿದ ಮೇಲೆ, 1930ರ ದಶಕದ ಕೊನೆಯ ಹೊತ್ತಿಗೆ, ಗಂಗೂಬಾಯಿ ಪಾಠಕ್ಕಾಗಿ ಹುಬ್ಬಳ್ಳಿಯಿಂದ ರೈಲು ಹತ್ತುತ್ತಿದ್ದರು. ಮನೆ, ಮಕ್ಕಳು ಇಲ್ಲಿ, ಗುರು ಅಲ್ಲಿ. ಹಾಡುವ ಮನೆತನದ ಹೆಂಗಸು ಬೀದಿಯಲ್ಲಿ ನಡೆದರೆ ‘ಗಾನೇವಾಲಿ’ ಎಂದು ಹಂಗಿಸುತ್ತಿದ್ದ ಕಾಲ ಅದು. ಪಾಠ ಮುಗಿಸಿ ರಾತ್ರಿ ರೈಲು ಹಿಡಿಯಲು ಹೊರಟರೆ, ಗುರುವಿನ ಮನೆಯಲ್ಲೇ ಇದ್ದು ಕಲಿಯುತ್ತಿದ್ದ ಹುಡುಗ ಭೀಮಸೇನ ಜೋಶಿ ನಿಲ್ದಾಣದವರೆಗೆ ಜತೆಗೆ ಬರುತ್ತಿದ್ದನಂತೆ.

ಗುರುಗಳು ಕಲಿಸುತ್ತಿದ್ದುದು ಕೆಲವೇ ರಾಗ, ಅದೂ ನಿಧಾನವಾಗಿ. ಅಷ್ಟಕ್ಕಾಗಿ ಅಷ್ಟು ದೂರ, ಮತ್ತೆ ಮತ್ತೆ. ಸಂಗೀತಗಾರರ ಜೀವನಚರಿತ್ರೆಯಲ್ಲಿ ಈ ರೈಲು ಶ್ರದ್ಧೆಯ ಗುರುತಾಗಿ ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತದೆ. ಪ್ರವಾಸದ ಚರಿತ್ರೆಯಲ್ಲಂತೂ ಬರುವುದೇ ಇಲ್ಲ, ಏಕೆಂದರೆ ಅಲ್ಲಿ ಲೆಕ್ಕಕ್ಕೆ ಬರುವುದು ಬಿಡುವಿದ್ದವರ ಪಯಣ. ಕುಕ್‌ನ 500 ಜನರಿಗೆ ಒಂದು ಸಂಘ ಬೆನ್ನಿಗಿತ್ತು, ಮೆರವಣಿಗೆಯಿತ್ತು. ಕುಂದಗೋಳದ ದಾರಿಯ ಈ ಹೆಣ್ಣುಮಗಳಿಗೆ ಟಿಕೀಟಿನ ಜತೆಗೆ ಜನರ ಮಾತಿನ ಬೆಲೆಯೂ ಇತ್ತು. ಯಾರು ಹೋಗಿ ಬರಬಹುದು, ಯಾರು ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕು ಎನ್ನುವುದನ್ನು ಬಿಟ್ಟು ಬರೆದ ಪ್ರವಾಸದ ಚರಿತ್ರೆ ಅರ್ಧವೇ.

ಸಾಹಿತ್ಯದವರ ಓಡಾಟ ಇದಕ್ಕಿಂತ ಹಗುರ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಸಭೆಗೆ, ಸಾಧನಕೇರಿಯ ಬೇಂದ್ರೆಯವರ ಮನೆಗೆ, ಮನೋಹರ ಗ್ರಂಥಮಾಲೆಯ ಅಟ್ಟಕ್ಕೆ ಬಂದವರು ಬಹಳ. ಆ ಅಟ್ಟ ಹತ್ತಿದ ಹುಡುಗನೊಬ್ಬನ ‘ಯಯಾತಿ’ 1961ರಲ್ಲಿ ಪುಸ್ತಕವಾಯಿತು. ಹಿಂದಿರುಗುವಾಗ ಕೈಯಲ್ಲಿ ಲೈನ್ ಬಜಾರಿನ ಪೇಡೆ ಇರಬೇಕು ಎನ್ನುವ ನಿಯಮ ಮಾತ್ರ ಯಾವ ಸಂಘವೂ ಮಾಡಿದ್ದಲ್ಲ.

1962ರಲ್ಲಿ ಎರಡೂ ಊರು ಒಂದೇ ಪಾಲಿಕೆಯ ಕೆಳಗೆ ಬಂದವು. ಹೋಗಿ ಬರುವವರು ಎಂದೋ ಮಾಡಿಟ್ಟಿದ್ದಕ್ಕೆ ಸರ್ಕಾರ ಮುದ್ರೆ ಒತ್ತಿತು ಅನ್ನಿ. ಆದರೆ ಧಾರವಾಡಕ್ಕೆ ಸಮಾಧಾನವಾಗಲಿಲ್ಲ. 82 ವಾರ್ಡುಗಳಲ್ಲಿ ತನ್ನ ಪಾಲು 26. ಹಣ, ನೀರು, ರಸ್ತೆ ಎಲ್ಲ ಹುಬ್ಬಳ್ಳಿಗೇ ಎಂಬ ದೂರು ಹಳೆಯದು. ಈ ನಡುವೆ, 2018ರ ಅಕ್ಟೋಬರಿನಲ್ಲಿ, ಸುಮಾರು 22 ಕಿ.ಮೀ. ಉದ್ದದ ಪ್ರತ್ಯೇಕ ಪಥದಲ್ಲಿ ಬಿಆರ್‌ಟಿಎಸ್ ಬಸ್ಸುಗಳು ಓಡತೊಡಗಿದವು. ಜಿಂಕೆಗೆ ಇಲ್ಲಿನವರು ಕರೆಯುವ ಹೆಸರೇ ಅವಕ್ಕೆ: ‘ಚಿಗರಿ’. 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಮಾಡಲು ಸರ್ಕಾರ ತೀರ್ಮಾನಿಸಿತು. ದಾರಿ ಗಟ್ಟಿಯಾದ ಕೆಲವೇ ವರ್ಷಕ್ಕೆ ಕಾಗದದ ಮೇಲೆ ಊರು ಎರಡಾಗಲು ಹೊರಟಿತು.

ಧಾರವಾಡದ ದೂರಿನಲ್ಲಿ ನ್ಯಾಯವಿದೆ ಎಂದೇ ನನ್ನ ಎಣಿಕೆ. ತನ್ನ ಚರಂಡಿಯ ಲೆಕ್ಕ ತಾನೇ ನೋಡಿಕೊಳ್ಳಲಿ. ಆದರೆ ಈ ದಾರಿಯ ನಡುವೆ ಬೆಳೆದ ನವನಗರದಂಥ ಬಡಾವಣೆ ಎದ್ದದ್ದೇ ಎರಡೂ ಕಡೆಯ ಓಡಾಟವನ್ನು ನಂಬಿ. ಬೆಳಿಗ್ಗೆ ಅಲ್ಲಿನ ಚಿಗರಿ ನಿಲ್ದಾಣದಲ್ಲಿ ನಿಂತರೆ, ಒಂದು ಬದಿಗೆ ಧಾರವಾಡದ ವಿಶ್ವವಿದ್ಯಾಲಯಕ್ಕೆ ಹೊರಟ ಹುಡುಗಿಯರು, ಇನ್ನೊಂದು ಬದಿಗೆ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಎಕ್ಸರೇ ಲಕೋಟೆ ಹಿಡಿದು ಹೊರಟವರು.