ಎಂಜಿನ್ ಬಿಟ್ಟು ಮರಳುದಿಬ್ಬಕ್ಕೆ

ಶಾಲೆಯಲ್ಲಿ ನಾವು ಓದಿದ ರೈಟ್ ಸಹೋದರರ ಕಥೆ 1903ರ ಡಿಸೆಂಬರ್ 17ಕ್ಕೇ ಮುಗಿದುಬಿಡುತ್ತದೆ. ಅಮೆರಿಕದ ನಾರ್ತ್ ಕರೊಲಿನಾ ಕರಾವಳಿಯಲ್ಲಿ ಕಿಲ್ ಡೆವಿಲ್ ಹಿಲ್ಸ್ ಎಂಬ ಮರಳುದಿಬ್ಬಗಳಿವೆ. ಅಲ್ಲಿ ಆರ್ವಿಲ್ ರೈಟ್ 12 ಸೆಕೆಂಡು ಹಾರಿದ, ವಿಮಾನಯುಗ ಶುರುವಾಯಿತು. ನನಗೆ ಅದಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಎಂಟು ವರ್ಷಗಳ ನಂತರದ ಸಂಗತಿ. 1911ರ ಅಕ್ಟೋಬರಿನಲ್ಲಿ ಆರ್ವಿಲ್ ಅದೇ ಜಾಗಕ್ಕೆ ಬಂದು ಬೀಡುಬಿಟ್ಟ. ಈ ಸಲ ತಂದದ್ದು ಎಂಜಿನ್ನೇ ಇಲ್ಲದ ಗ್ಲೈಡರನ್ನು.

ಅಣ್ಣ ವಿಲ್ಬರ್ ಮತ್ತು ಆರ್ವಿಲ್ ಹಾರುವುದನ್ನು ಕಲಿತದ್ದೇ ಗ್ಲೈಡರಿನಲ್ಲಿ. ಜರ್ಮನಿಯ ಓಟ್ಟೊ ಲಿಲಿಯೆಂತಾಲ್ ರೆಕ್ಕೆಗೆ ಜೋತುಬಿದ್ದು, ಮೈಯ ಭಾರವನ್ನು ಅತ್ತಿತ್ತ ಸರಿಸುತ್ತ ಗುಡ್ಡದಿಂದ ತೇಲಿ ಇಳಿಯುತ್ತಿದ್ದವನು. 1896ರಲ್ಲಿ ಅವನು ಬಿದ್ದು ಸತ್ತ ಸುದ್ದಿ ಇವರನ್ನು ಯೋಚನೆಗೆ ಹಚ್ಚಿತು. ಎಂಜಿನ್ ಆಮೇಲೆ, ಮೊದಲು ಸಮತೋಲ ಕಲಿಯಬೇಕು ಎಂಬುದು ಅವರ ತೀರ್ಮಾನ. 1900ರಲ್ಲಿ ಸಮೀಪದ ಕಿಟಿ ಹಾಕ್‌ನಲ್ಲಿ ಡೇರೆ ಹಾಕಿದರು. ಮರುವರ್ಷ ಕಿಲ್ ಡೆವಿಲ್ ಹಿಲ್ಸ್‌ನಲ್ಲಿ ಸೊಳ್ಳೆಗಳ ಕಾಟ ಸಹಿಸಿದರು. 1902ರಲ್ಲಿ ನೂರಾರು ಸಲ ತೇಲಿದರು. ಅವುಗಳಲ್ಲಿ ಅತಿ ದೀರ್ಘವಾದದ್ದು 26 ಸೆಕೆಂಡು. 1903ರಲ್ಲಿ ಎಂಜಿನ್ ಬಂದ ಮೇಲೆ ಗ್ಲೈಡಿಂಗ್ ಹಿಂದೆ ಉಳಿಯಿತು.

ಹಾಗಿದ್ದ ಮೇಲೆ ಮತ್ತೆ ಯಾಕೆ ಬಂದ? ಉತ್ತರ ಸಾವುಗಳಲ್ಲಿದೆ. 1908ರ ಸೆಪ್ಟೆಂಬರಿನಲ್ಲಿ ಫೋರ್ಟ್ ಮೈಯರ್‌ನಲ್ಲಿ ಆರ್ವಿಲ್ ನಡೆಸುತ್ತಿದ್ದ ವಿಮಾನ ಬಿತ್ತು. ಜೊತೆಗಿದ್ದ ಲೆಫ್ಟಿನೆಂಟ್ ಥಾಮಸ್ ಸೆಲ್ಫ್ರಿಜ್ ಸತ್ತ. ಆರ್ವಿಲ್‌ನ ತೊಡೆ, ಪಕ್ಕೆಲುಬು ಮುರಿದವು. 1910ರ ಕೊನೆಯ ಎರಡು ತಿಂಗಳಲ್ಲಿ ರೈಟ್ ಪ್ರದರ್ಶನ ತಂಡದ ಇಬ್ಬರು ಚಾಲಕರು ಹಾರುವಾಗಲೇ ಸತ್ತರು. ವಿಮಾನ ತಾನಾಗಿಯೇ ಸಮತೋಲ ಕಾಯ್ದುಕೊಳ್ಳುವಂಥ ಸಾಧನವೊಂದನ್ನು ಪರೀಕ್ಷಿಸಬೇಕೆಂದು ಆರ್ವಿಲ್ ಬಂದಿದ್ದ. ಪೇಟೆಂಟ್ ಮೊಕದ್ದಮೆಗಳಲ್ಲಿ ಮುಳುಗಿದ್ದ ವಿಲ್ಬರ್ ಬರಲಿಲ್ಲ. ಇನ್ನೊಬ್ಬ ಅಣ್ಣ ಲೋರಿನ್, ಅವನ ಮಗ ಹೊರೇಸ್ ಮತ್ತು ಇಂಗ್ಲಿಷ್ ಗೆಳೆಯ ಅಲೆಕ್ಸಾಂಡರ್ ಓಗಿಲ್ವಿ ಜೊತೆಗಿದ್ದರು.

ಆದರೆ ಪತ್ರಕರ್ತರು ವಾಸನೆ ಹಿಡಿದು ಬಂದರು. ಅವರೆದುರು ಸಾಧನವನ್ನು ಹೊರತೆಗೆಯುವಂತಿರಲಿಲ್ಲ. ಉಳಿದದ್ದು ಗ್ಲೈಡರ್, ಗಾಳಿ ಮತ್ತು ಆರ್ವಿಲ್‌ನ ಕೈ. 1902ರಲ್ಲಿ ಬೋರಲು ಮಲಗಿ ನಡೆಸುತ್ತಿದ್ದವನು ಈಗ ಕುಳಿತು ನಡೆಸಬೇಕು. ಗ್ಲೈಡರ್ ಮರಳಿಗೆ ಬಿದ್ದು ಮಗುಚಿದ್ದೂ ಉಂಟು. ಸರಿಪಡಿಸಿ ಮತ್ತೆ ಏರಿದ. ಅಕ್ಟೋಬರ್ 24ರಂದು, ಬಿರುಸಿನ ಗಾಳಿಗೆ ಎದುರಾಗಿ, 9 ನಿಮಿಷ 45 ಸೆಕೆಂಡು ಆಕಾಶದಲ್ಲಿ ಉಳಿದ. ದಿಬ್ಬಕ್ಕೆ ಬಡಿದ ಗಾಳಿ ಅದರ ಇಳಿಜಾರಿನುದ್ದಕ್ಕೂ ಮೇಲೇರುತ್ತದೆ. ಗ್ಲೈಡರ್ ಗಾಳಿಯಲ್ಲಿ ಇಳಿಯುವಷ್ಟೇ ವೇಗದಲ್ಲಿ ಗಾಳಿ ಅದನ್ನು ಎತ್ತಿದರೆ ಅದು ಬೀಳುವುದಿಲ್ಲ. ಹದ್ದು ರೆಕ್ಕೆ ಬಡಿಯದೆ ನಿಲ್ಲುವುದೂ ಹೀಗೆಯೇ. ಆ ದಾಖಲೆ ಹತ್ತು ವರ್ಷ ಉಳಿಯಿತು. 1921ರಲ್ಲಿ ಜರ್ಮನಿಯಲ್ಲಿ ಮುರಿಯಿತು.

1903ರ 12 ಸೆಕೆಂಡಿನಲ್ಲಿ ವಿಮಾನ 120 ಅಡಿ ಮುಂದೆ ಹೋಗಿತ್ತು. 1911ರ ಹತ್ತು ನಿಮಿಷದಲ್ಲಿ ಗ್ಲೈಡರ್ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಪಾಠಪುಸ್ತಕಗಳು ಮೊದಲನೆಯದನ್ನಷ್ಟೇ ನೆನಪಿಟ್ಟುಕೊಂಡಿರುವುದು ಇದೇ ಕಾರಣಕ್ಕೆ ಇರಬೇಕು: ನಿಂತದ್ದನ್ನು ಅಳೆಯುವುದು ನಮಗೆ ರೂಢಿಯಿಲ್ಲ. ಆದರೆ ಎಂಜಿನ್ ಕೈಕೊಟ್ಟಾಗ ಚಾಲಕನನ್ನು ಕಾಯುವುದು ಆ ಎರಡನೆಯ ವಿದ್ಯೆಯೇ. ಮುಂದಿನ ಮೇ ತಿಂಗಳಲ್ಲಿ ವಿಲ್ಬರ್ ಟೈಫಾಯ್ಡ್‌ನಿಂದ ತೀರಿಕೊಂಡ. ಸಮತೋಲದ ಸಾಧನವನ್ನು ಆರ್ವಿಲ್ 1913ರಲ್ಲಿ ಒಬ್ಬನೇ ಜಗತ್ತಿಗೆ ತೋರಿಸಬೇಕಾಯಿತು.

ರೈಟ್ ಸಹೋದರರು ಕೈಬಿಟ್ಟಿದ್ದ ಲಿಲಿಯೆಂತಾಲ್‌ನ ದಾರಿಯೂ ಅಳಿಯಲಿಲ್ಲ. ಮೈಯ ಭಾರ ಸರಿಸಿಯೇ ನಡೆಸುವ ಹ್ಯಾಂಗ್ ಗ್ಲೈಡರುಗಳು 1970ರ ದಶಕದಲ್ಲಿ ಅಮೆರಿಕದಲ್ಲಿ ಹರಡಿದವು. ಕಿಲ್ ಡೆವಿಲ್ ಹಿಲ್ಸ್‌ಗೆ ಸಮೀಪದ ಜಾಕೀಸ್ ರಿಡ್ಜ್ ದಿಬ್ಬದ ಮೇಲೆ ಜನ ಇಂದಿಗೂ ಅದನ್ನು ಕಲಿಯುತ್ತಾರೆ. ಅವರು ಓಡಿ ಹಾರುವುದು ಈಗಲೂ ಗಾಳಿಗೆ ಎದುರಾಗಿಯೇ.