ಕರಿಕೆ, ಜೇಕು ಮತ್ತು ಕೊಪ್ಪಳದ ಬಿಸಿಲು

ನಿಮ್ಮಲ್ಲಿ ಹಲವರು ಶಾಲಾ ಪ್ರವಾಸದಲ್ಲಿ ಇಟಗಿಯನ್ನು ನೋಡಿರುತ್ತೀರಿ. ಬಹುಕಾಲ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಆ ಊರಿನ ಮಹಾದೇವ ದೇವಾಲಯವನ್ನು ಕ್ರಿ.ಶ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ. ಕಂಬಗಳ ನುಣುಪನ್ನು ಕೈಯಿಂದ ಸವರಿ ನೋಡಿ, ಹೊರಗೆ ಬಂದು ಹುಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚುತ್ತೀರಿ. ದೇವಾಲಯದ ಚರಿತ್ರೆ ಶಾಸನದಲ್ಲಿ ಸಿಗುತ್ತದೆ. ನೀವು ಕುಳಿತ ಹುಲ್ಲಿಗೂ ಒಂದು ಚರಿತ್ರೆ ಇದೆಯೆಂದು ಎಂದಾದರೂ ಯೋಚಿಸಿದ್ದೀರಾ?

ಸ್ಮಾರಕಗಳ ಸುತ್ತ ಹುಲ್ಲುಹಾಸು ಬೆಳೆಸುವ ವಾಡಿಕೆ ಚಾಲುಕ್ಯರದಲ್ಲ. ಅದು ಇಂಗ್ಲಿಷರ ರುಚಿ. 1899ರಿಂದ 1905ರವರೆಗೆ ವೈಸ್‌ರಾಯ್ ಆಗಿದ್ದ ಲಾರ್ಡ್ ಕರ್ಜನ್ ತಾಜಮಹಲಿನ ತೋಟವನ್ನು ಸರಿಪಡಿಸಿದಾಗ ಅಲ್ಲಿ ಹುಲ್ಲುಹಾಸಿಗೆ ದೊಡ್ಡ ಪಾಲು ಸಿಕ್ಕಿತು. ಮುಂದೆ ಅದೇ ಮಾದರಿ ದೇಶದ ಮೂಲೆ ಮೂಲೆಗೆ ಹೋಯಿತು. ಮಳೆ ಕಡಿಮೆ ಇರುವ, ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮ ಸೀಮೆಗೂ ಬಂತು. ಅದು ಸರಿಯೋ ತಪ್ಪೋ ಎಂಬ ವಾದ ಈಗ ಬೇಡ. ಬಂದದ್ದು ಬಂತು. ಆದರೆ ಅದನ್ನು ಹಾಸುವಾಗ ನಾವು ಒಂದು ತಪ್ಪನ್ನು ಮತ್ತೆ ಮತ್ತೆ ಮಾಡುತ್ತಿದ್ದೇವೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಕೊಪ್ಪಳದ ಆಸುಪಾಸಿನಲ್ಲಿ ಒಂದು ಹೊಸ ಕಟ್ಟಡದ ಚಿತ್ರೀಕರಣಕ್ಕೆ ಹೋಗಿದ್ದೆವು. ಉದ್ಘಾಟನೆಗೆ ಐದೇ ದಿನ ಉಳಿದಿತ್ತು. ಲಾರಿಯಲ್ಲಿ ಹುಲ್ಲಿನ ಚಾಪೆಗಳು ಬಂದವು. ನೆಲವನ್ನು ಮೇಲಿಂದ ಮೇಲೆ ಕೆರೆದು, ಎಲ್ಲಿಂದಲೋ ತಂದ ಕೆಂಪು ಮಣ್ಣು ಹರಡಿ, ಚಾಪೆ ಹಾಸಿ ನೀರು ಬಿಟ್ಟರು. ಕ್ಯಾಮೆರಾದಲ್ಲಿ ಅದು ಬಹಳ ಚೆನ್ನಾಗಿ ಕಂಡಿತು. ತಿಂಗಳು ಕಳೆದು ಬೇರೆ ಕೆಲಸಕ್ಕೆ ಹೋದಾಗ ನೋಡಿದರೆ, ಚಾಪೆಯನ್ನು ಸೂಜಿಯಂತೆ ಚುಚ್ಚಿಕೊಂಡು ಸಾಲು ಸಾಲು ಜೇಕು ಎದ್ದಿತ್ತು. ಕುರ್ಪಿ ಹಿಡಿದು ಕಸ ತೆಗೆಯುತ್ತಿದ್ದ ಹಿರಿಯ ಹೆಣ್ಣುಮಗಳೊಬ್ಬಳು ನಕ್ಕು ಹೇಳಿದಳು: “ಕೂಸಿಗೆ ಜಳಕಾ ಮಾಡಿಸ್ದ ಹೊಸ ಅಂಗಿ ತೊಡಿಸಿದಂಗಾತ್ರಿ ಸಾಹೇಬ್ರ. ಒಳಗಿನ ಕಸ ಹೊರಗ ಬರದ ಬಿಡ್ತದೇನ್ರಿ?” ನಾನು ಓದಿದ್ದು ವಿಜ್ಞಾನ. ಆದರೂ ಇಷ್ಟು ಚೊಕ್ಕವಾಗಿ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ.

ಈ ಒಳಗಿನ ಕಸ ಯಾವುದು? ನಮ್ಮ ನೆಲದಲ್ಲಿ ಮುಖ್ಯವಾಗಿ ಎರಡು. ಒಂದು ಕರಿಕೆ, ಅಂದರೆ ಗರಿಕೆ. ಇನ್ನೊಂದು ಜೇಕು. ಇವು ಒಂದೇ ಹಂಗಾಮಿನಲ್ಲಿ ಹುಟ್ಟಿ ಸಾಯುವ ಕಳೆಗಳಲ್ಲ, ಬಹುವಾರ್ಷಿಕಗಳು. ಮೇಲಿನ ಎಲೆ ಅವುಗಳ ಮುಖ ಮಾತ್ರ. ಜೀವ ಇರುವುದು ನೆಲದೊಳಗೆ. 1977ರಲ್ಲಿ ಲೆರಾಯ್ ಹೋಮ್ ಮತ್ತು ಸಂಗಡಿಗರು ಜಗತ್ತಿನ ಅತಿ ಕೆಟ್ಟ ಕಳೆಗಳನ್ನು ಪಟ್ಟಿ ಮಾಡಿದಾಗ ಮೊದಲ ಸ್ಥಾನ ಜೇಕಿಗೆ, ಎರಡನೆಯದು ಕರಿಕೆಗೆ ಸಿಕ್ಕಿತು. ಜೇಕು 92 ದೇಶಗಳಲ್ಲಿ, 52 ಬೆಳೆಗಳಲ್ಲಿ ಕಾಟ ಕೊಡುತ್ತದೆಂದು ಅವರು ಲೆಕ್ಕ ಹಾಕಿದ್ದರು. ಜಗತ್ತಿನ ಮೊದಲ ಇಬ್ಬರು ಪುಂಡರೂ ನಮ್ಮ ಹೊಲದ ಬದುವಿನಲ್ಲೇ ಇದ್ದಾರೆ!

ಜೇಕಿನ ಗಡ್ಡೆಯನ್ನು ಒಮ್ಮೆ ಕಿತ್ತು ನೋಡಿ. ಜಪಮಾಲೆಯ ಮಣಿಗಳಂತೆ ಸಣ್ಣ ಕಪ್ಪು ಗಡ್ಡೆಗಳು ತೆಳುವಾದ ದಾರದಲ್ಲಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ತುದಿಯ ಗಡ್ಡೆ ಚಿಗುರಿದರೆ ಉಳಿದವು ಸಾಮಾನ್ಯವಾಗಿ ನಿದ್ರೆಯಲ್ಲಿರುತ್ತವೆ. ದಾರ ಕಡಿದಿರೋ, ಮಲಗಿದ್ದ ಗಡ್ಡೆಗಳೂ ಎದ್ದು ಒಂದೊಂದು ಹೊಸ ಗಿಡವಾಗುತ್ತವೆ. ಅವಸರದಲ್ಲಿ ಒಂದು ಸಲ ಗುದ್ದಲಿ ಹಾಕಿ ಬಿಟ್ಟ ನೆಲದಲ್ಲಿ ಜೇಕು ಮೊದಲಿಗಿಂತ ಹೆಚ್ಚಾಗುವುದಕ್ಕೆ ಇದೇ ಕಾರಣ. ಹೆಚ್ಚಿನ ಗಡ್ಡೆಗಳು ಮೇಲಿನ 15 ಸೆಂಟಿಮೀಟರ್ ಮಣ್ಣಿನಲ್ಲೇ ಇದ್ದರೂ ಕೆಲವು ಅದಕ್ಕಿಂತ ಆಳದಲ್ಲಿ ಅಡಗಿರುತ್ತವೆ.

ಈ ಗಡ್ಡೆಗೆ ಇನ್ನೊಂದು ಮುಖವೂ ಇದೆ. ಕೊನ್ನಾರಿ ಗಡ್ಡೆ, ಭದ್ರಮುಷ್ಟಿ ಎಂಬ ಹೆಸರಿನಲ್ಲಿ ಆಯುರ್ವೇದ ಇದನ್ನು ಔಷಧಿಯಾಗಿ ಬಳಸುತ್ತದೆ. ಕಾಡುಹಂದಿಗಳಿಗೆ ಇದು ಮೃಷ್ಟಾನ್ನ. ಕಾಳಿದಾಸನ ಶಾಕುಂತಲದಲ್ಲಿ ಬೇಟೆಯನ್ನು ನಿಲ್ಲಿಸಿದ ದುಷ್ಯಂತ, ಹಂದಿಗಳು ಇನ್ನು ನಿಶ್ಚಿಂತೆಯಿಂದ ಹೊಂಡದಲ್ಲಿ ಈ ಗಡ್ಡೆ ಅಗೆಯಲಿ ಎನ್ನುತ್ತಾನೆ. ಗಂಗಾವತಿ ಪಕ್ಕದ ಆನೆಗೊಂದಿಯ ನಂಟಿರುವ ವಿಜಯನಗರದ ಅರಸರ ಲಾಂಛನ ವರಾಹ. ಆ ವರಾಹ ಜೇಕು ಅಗೆಯಲು ಬರುತ್ತಿದ್ದರೆ ನಮ್ಮ ರೈತರ ಬಹಳ ಶ್ರಮ ಉಳಿಯುತ್ತಿತ್ತು!

ಹಂದಿ ಬರಲಿಲ್ಲ, ಎತ್ತು ಬಂತು. ಯಲಬುರ್ಗಾ ಕಡೆಯ ಎರಿ ಹೊಲದಲ್ಲಿ ಕರಿಕೆ ಒಮ್ಮೆ ಇಳಿಯಿತೆಂದರೆ ಸಣ್ಣ ನೇಗಿಲಿಗೆ ಬಗ್ಗುವುದಿಲ್ಲ. ಅದಕ್ಕೇ ದೊಡ್ಡ ರಂಟೆ. ನಾಲ್ಕಾರು ಜೋಡಿ ಎತ್ತು ಕಟ್ಟಿ, ಹಲವು ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ ಹೊಡೆಯುತ್ತಿದ್ದರು. ಒಬ್ಬ ರೈತನ ಬಳಿ ಅಷ್ಟು ಎತ್ತು ಎಲ್ಲಿಂದ ಬರಬೇಕು? ಮುಯ್ಯಿ ಕಟ್ಟಿಕೊಂಡು ನೆರೆಹೊರೆಯವರು ಕೂಡುತ್ತಿದ್ದರು. ಎದ್ದ ಹೆಂಟೆಗಳನ್ನು ಒಡೆಯದೆ ಬೇಸಿಗೆಯಿಡೀ ಬಿಸಿಲಿಗೆ ಬಿಡುವುದು ಇಲ್ಲಿನ ಗುಟ್ಟು. ಬೇರು ಹೆಂಟೆಯೊಳಗೇ ಒಣಗುತ್ತಿತ್ತು. ಕಳೆಯನ್ನು ಕೊಲ್ಲುತ್ತಿದ್ದದ್ದು ಸೂರ್ಯ. ಅದನ್ನು ಅವನ ಮುಂದೆ ತಂದು ನಿಲ್ಲಿಸುವುದಷ್ಟೇ ರಂಟೆಯ ಕೆಲಸ.

ನಂತರ ಕಬ್ಬಿಣ ಬಂತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದವರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಕಬ್ಬಿಣದ ನೇಗಿಲು ಮಾಡಲು ಹೊರಟರು. ಮೊದಮೊದಲು ಕೊಳ್ಳುವವರೇ ಇಲ್ಲ. ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆಂದು ರೈತರು ಹೆದರಿದ್ದರು. 1910ರಲ್ಲಿ ಔಂಧ್ ಸಂಸ್ಥಾನದ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದ ಮೇಲೆ ಕಬ್ಬಿಣದ ನೇಗಿಲು ದಖ್ಖನ್ನಿನ ಹೊಲಗಳಲ್ಲಿ ಬೇರೂರಿತು. ಮಣ್ಣನ್ನು ಸೀಳುವುದಷ್ಟೇ ಅಲ್ಲದೆ ಮಗುಚಿ ಹಾಕುವ ನೇಗಿಲು ಅದು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಕೊಪ್ಪಳಕ್ಕೆ ಕಿರ್ಲೋಸ್ಕರ್ ಹೆಸರು ಮತ್ತೆ ಬಂದದ್ದು 1990ರ ದಶಕದಲ್ಲಿ, ಬೇವಿನಹಳ್ಳಿಯ ಬೀಡುಕಬ್ಬಿಣದ ಕಾರ್ಖಾನೆಯಾಗಿ.

ಸ್ವಾತಂತ್ರ್ಯದ ನಂತರ ಕಳೆ ಕೀಳುವುದು ರಾಷ್ಟ್ರದ ಕೆಲಸವಾಯಿತು ಎಂದರೆ ನೀವು ನಂಬಲಿಕ್ಕಿಲ್ಲ. ಮಧ್ಯಭಾರತದ ಲಕ್ಷಾಂತರ ಎಕರೆಯನ್ನು ಕಾಂಸ್ ಎಂಬ, ಕಬ್ಬಿನ ಕುಲದ ಆಳಬೇರಿನ ಹುಲ್ಲು ನುಂಗಿತ್ತು. ದೇಶದಲ್ಲಿ ಆಹಾರದ ಕೊರತೆ. ವಿಶ್ವಬ್ಯಾಂಕು ಭಾರತಕ್ಕೆ ಕೊಟ್ಟ ಮೊದಲ ಸಾಲ ರೈಲ್ವೆಗೆ. ಅದೇ 1949ರಲ್ಲಿ ಮಂಜೂರಾದ ಎರಡನೆಯದು, ಒಂದು ಕೋಟಿ ಡಾಲರ್, ಮುಖ್ಯವಾಗಿ ಈ ಹುಲ್ಲನ್ನು ಕೀಳುವ ಟ್ರಾಕ್ಟರುಗಳಿಗೆ! ಅಲ್ಲಿಯೂ ವಿಧಾನ ನಮ್ಮ ರಂಟೆಯದೇ: ಒಣ ಹವೆಯಲ್ಲಿ ಆಳವಾಗಿ ಉತ್ತು, ಬೇರನ್ನು ಮೇಲೆ ಹಾಕಿ ಒಣಗಿಸುವುದು.

ನಮ್ಮಲ್ಲಿ 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂದು ಗಂಗಾವತಿಯ ನೆಲದ ಬದುಕೇ ಬದಲಾಯಿತು. ನೀರು ನಿಲ್ಲುವ ಭತ್ತದ ಗದ್ದೆಯಲ್ಲಿ ಜೇಕಿನ ಆಟ ಸಾಮಾನ್ಯವಾಗಿ ನಡೆಯದು. ಅದು ಬದುವಿಗೆ, ಕಾಲುವೆ ದಂಡೆಗೆ, ಮನೆಯ ಹಿತ್ತಲಿಗೆ ಸರಿಯಿತು. ಹುಲ್ಲುಹಾಸು ಮಾಡುವವರು ಮಣ್ಣು ತರುವುದೂ ಇಂಥ ಕಡೆಯಿಂದಲೇ. ಹೊರಗಿನ ಮಣ್ಣಿನ ಜೊತೆಗೆ ಗಡ್ಡೆಯೂ ಉಚಿತವಾಗಿ ಬರುತ್ತದೆಂಬುದನ್ನು ಮರೆಯಬೇಡಿ. ಒಂದು ಬುಟ್ಟಿ ಮಣ್ಣನ್ನು ಜರಡಿ ಹಿಡಿದು ನೋಡಿದರೆ ಸಾಕು, ತಿಳಿಯುತ್ತದೆ.

ರಾಸಾಯನಿಕಗಳ ಕಥೆ ಚಿಕ್ಕದು. 1940ರ ದಶಕದಲ್ಲಿ ಬಂದ 2,4-ಡಿ ಜೇಕಿನ ಎಲೆಯನ್ನು ಸುಟ್ಟಿತು, ಗಡ್ಡೆ ಉಳಿಯಿತು. 1970ರಲ್ಲಿ ಅಮೆರಿಕದ ಜಾನ್ ಫ್ರಾನ್ಸ್ ಗ್ಲೈಫೋಸೇಟಿನ ಕಳೆನಾಶಕ ಗುಣ ಕಂಡುಹಿಡಿದರು. ಅದು ಎಲೆಯಿಂದ ಬೇರಿಗೆ ಇಳಿಯುತ್ತದೆ. ಆದರೂ ನಿದ್ರೆಯಲ್ಲಿರುವ ಗಡ್ಡೆಯನ್ನು ಅದು ಪೂರ್ತಿ ಮುಟ್ಟದು. ಮನುಷ್ಯರ, ಪ್ರಾಣಿಗಳ ಆರೋಗ್ಯದ ಅಪಾಯವನ್ನು ಮುಂದಿಟ್ಟು 2022ರಲ್ಲಿ ಕೇಂದ್ರ ಸರ್ಕಾರ, ತರಬೇತಿ ಪಡೆದ ಕೀಟನಿಯಂತ್ರಕರು ಮಾತ್ರ ಅದನ್ನು ಬಳಸಬೇಕೆಂದು ಅಧಿಸೂಚನೆ ಹೊರಡಿಸಿತು. ಮಕ್ಕಳು ಬರಿಗಾಲಲ್ಲಿ ಆಡುವ ಶಾಲೆಯ ಅಂಗಳಕ್ಕೆ ಅದು ಬೇಡವೆಂಬುದು ನನ್ನ ಅಭಿಪ್ರಾಯ.

ಹಾಗಾದರೆ ಏನು ಮಾಡಬೇಕು? ನಮ್ಮ ಹಿರಿಯರ ಪಂಚಾಂಗವನ್ನೇ ಹಿಡಿಯಬಹುದು. ಮಾರ್ಚ್ ತಿಂಗಳಲ್ಲಿ ನೆಲವನ್ನು ಒಂದು ಗೇಣಿಗಿಂತ ಆಳವಾಗಿ ಅಗೆದು ಹೆಂಟೆ ಎಬ್ಬಿಸಿ, ಕೈಗೆ ಸಿಕ್ಕ ಬೇರು, ಗಡ್ಡೆಗಳನ್ನು ಆಯ್ದು ಹೊರಗೆ ಹಾಕಿ. ತಿಪ್ಪೆಗೆ ಮಾತ್ರ ಹಾಕಬೇಡಿ, ಅಲ್ಲಿಂದ ಗೊಬ್ಬರದ ಜೊತೆ ಮರಳಿ ಬರುತ್ತವೆ. ಏಪ್ರಿಲ್, ಮೇ ಬಿಸಿಲಿಗೆ ನೆಲ ಬಿಡಿ, ನಡುವೆ ಒಂದೆರಡು ಸಲ ಮಗುಚಿ. ಅಡ್ಡಮಳೆ ಬಿದ್ದಾಗ ಉಳಿದ ಗಡ್ಡೆ ಚಿಗುರುತ್ತದೆ. ಆಗ ಎದೆಗುಂದಬಾರದು, ಅದು ಅಡಗಿದ ಜಾಗವನ್ನು ತಾನೇ ತೋರಿಸುತ್ತಿದೆ. ಚಿಗುರಿದ ಮೂರು ವಾರದೊಳಗೆ, ಹೊಸ ಗಡ್ಡೆ ಕಟ್ಟುವ ಮೊದಲು, ಗಡ್ಡೆ ಸಮೇತ ಅಗೆಯಿರಿ. ಹೀಗೆ ಎರಡು ಮೂರು ಸರದಿ. ಸಣ್ಣ ಜಾಗವಾದರೆ ಇನ್ನೊಂದು ಉಪಾಯವಿದೆ. ಇಸ್ರೇಲಿನ ಯಾಕೋವ್ ಕತಾನ್ 1976ರಲ್ಲಿ ಪ್ರಕಟಿಸಿದ್ದು: ನೆಲ ತೋಯಿಸಿ, ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ನಾಲ್ಕರಿಂದ ಆರು ವಾರ ಬಿಸಿಲಿಗೆ ಬಿಡುವುದು. ಅವರು ಮಣ್ಣಿನ ರೋಗಗಳಿಗೆಂದು ಮಾಡಿದ್ದು, ಕಳೆಗೂ ಬಂತು. ಕರಿಕೆಗೆ ನೆರಳು ಆಗದು. ಒಂದು ಹಂಗಾಮು ದಟ್ಟವಾಗಿ ಸೆಣಬು ಬಿತ್ತಿದರೆ ಅದು ಬಳಲುತ್ತದೆ, ಮಣ್ಣಿಗೆ ಹಸಿರು ಗೊಬ್ಬರವೂ ಆಗುತ್ತದೆ.

ಇಷ್ಟೆಲ್ಲ ಮಾಡಿ ಕೊನೆಗೆ ನೀವು ಹಾಸುವ ಹುಲ್ಲು ಯಾವುದು ಗೊತ್ತೇ? ಬಹಳ ಸಲ ಅದೇ ಕರಿಕೆ! ಬರ್ಮುಡಾ ಹುಲ್ಲು ಎಂದು ನರ್ಸರಿಯಲ್ಲಿ ಮಾರುವುದು ನಮ್ಮ ಗಣಪತಿಯ ಗರಿಕೆಯನ್ನೇ, ಇಲ್ಲವೇ ಅದರ ಮಿಶ್ರತಳಿಯನ್ನು. ಅಮೆರಿಕದ ಜಾರ್ಜಿಯಾದ ಟಿಫ್ಟನ್ ಊರಿನಲ್ಲಿ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ ಕರಿಕೆಗೂ ಆಫ್ರಿಕದ ಅದರ ದಾಯಾದಿಗೂ ಸಂಕರ ಮಾಡಿ, ಬೀಜ ಕಟ್ಟದ, ಸಣ್ಣೆಲೆಯ ತಳಿಗಳನ್ನು 1950ರ ದಶಕದಿಂದ ಬಿಡುಗಡೆ ಮಾಡಿದರು. ಕೃಷಿಕನಿಗೆ ಶತ್ರುವಾದ ಗಿಡ ಆಟದ ಮೈದಾನಕ್ಕೆ ಮಿತ್ರನಾಯಿತು. ಹೊಲದಲ್ಲಿದ್ದ ಒರಟು ಕರಿಕೆಯನ್ನು ಮೊದಲು ತೆಗೆಯದಿದ್ದರೆ ಅದು ಈ ಸಣ್ಣೆಲೆಯ ತಂಗಿಯ ನಡುವೆ ತೇಪೆ ತೇಪೆಯಾಗಿ ಎದ್ದು ಕಾಣುತ್ತದೆ. ಆಮೇಲೆ ಒಂದನ್ನು ಬಿಟ್ಟು ಒಂದನ್ನು ಕೀಳುವುದು ಯಾರಿಗೂ ಸಾಧ್ಯವಿಲ್ಲ.

ಇದೇ ಬರ್ಟನ್ ಸಜ್ಜೆಯ ಮೇಲೂ ಕೆಲಸ ಮಾಡಿದವರು. ಅವರು ಬೆಳೆಸಿದ ಟಿಫ್ಟ್ 23-ಎ ಎಂಬ ಗಂಡುಬಂಜೆ ತಳಿಯನ್ನು ತಾಯಿಯಾಗಿಟ್ಟುಕೊಂಡು ಲುಧಿಯಾನದಲ್ಲಿ ಡಿ.ಎಸ್. ಅಠ್ವಾಲ್ ಭಾರತದ ಮೊದಲ ಹೈಬ್ರಿಡ್ ಸಜ್ಜೆ ಎಚ್.ಬಿ. 1 ಅನ್ನು ರೂಪಿಸಿದರು. ಅದು ಬಿಡುಗಡೆಯಾದದ್ದು 1965ರಲ್ಲಿ. ಕುಷ್ಟಗಿಯ ಮಸಾರಿ ನೆಲದಲ್ಲಿ ಮುಂಗಾರಿಗೆ ಸಜ್ಜೆ ತೆನೆ ತೂಗುವಾಗ, ಅದರ ಸಾಲಿನ ನಡುವೆ ಹೆಣ್ಣುಮಕ್ಕಳು ಕುರ್ಪಿ ಹಿಡಿದು ಕುಳಿತು ಕೀಳುತ್ತಿರುವುದು ಈಗಲೂ ಅದೇ ಕರಿಕೆ, ಅದೇ ಜೇಕು.